ಕೆಸರಿನ ಉಸಿರು, ತಂತಿಯ ವಿದ್ಯುತ್ತು

ಉಸಿರಾಟವೆಂದರೆ ಗಾಳಿಯನ್ನು ಒಳಗೆಳೆದುಕೊಂಡು ಹೊರಬಿಡುವುದು ಎಂದೇ ನಾವೆಲ್ಲ ಬಗೆದಿದ್ದೇವೆ. ಮೂಗಿನ ಬಳಿ ಹಿಡಿದ ಬೆರಳಿಗೆ ತಾಗುವ ಬಿಸಿಯುಸಿರೇ ಬದುಕಿರುವುದಕ್ಕೆ ಸಾಕ್ಷಿ. ಆದರೆ ಗಾಳಿಯ ಈ ಓಡಾಟ ಉಸಿರಾಟದ ಹೊರ ವ್ಯಾಪಾರ ಮಾತ್ರ. ಜೀವಕೋಶದ ಒಳಹೊಕ್ಕು ನೋಡಿದರೆ ಅಲ್ಲಿ ನಡೆಯುವ ಲೇವಾದೇವಿಯೇ ಬೇರೆ. ಅಲ್ಲಿ ಚಲಾವಣೆಯಲ್ಲಿರುವ ನಾಣ್ಯ ಗಾಳಿಯಲ್ಲ, ಎಲೆಕ್ಟ್ರಾನು.

ನಾವು ಉಂಡ ಅನ್ನ ಜೀವಕೋಶದಲ್ಲಿ ಒಡೆಯುತ್ತ ಹೋದಂತೆ ಅದರಿಂದ ಎಲೆಕ್ಟ್ರಾನುಗಳು, ಅಂದರೆ ಋಣ ವಿದ್ಯುದಂಶವನ್ನು ಹೊತ್ತ ಅತಿ ಸಣ್ಣ ಕಣಗಳು, ಬಿಡುಗಡೆಯಾಗುತ್ತವೆ. ಗುಡ್ಡದ ಮೇಲಿನ ಕೆರೆಯ ನೀರಿನಂತೆ ಅವು ಎತ್ತರದಲ್ಲಿರುತ್ತವೆ. ಆ ನೀರನ್ನು ಒಮ್ಮೆಗೇ ಧುಮುಕಿಸದೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಪ್ರತಿ ಮೆಟ್ಟಿಲಿನಲ್ಲಿಯೂ ಒಂದಿಷ್ಟು ಶಕ್ತಿಯನ್ನು ಉಳಿಸಿಟ್ಟುಕೊಳ್ಳುವುದೇ ಬದುಕಿನ ಜಾಣತನ. ಇಳಿದು ಬಂದ ಎಲೆಕ್ಟ್ರಾನುಗಳನ್ನು ಕೊನೆಯಲ್ಲಿ ಯಾರಾದರೂ ಸ್ವೀಕರಿಸಲೇಬೇಕು. ಸ್ವೀಕರಿಸುವವರಿಲ್ಲದಿದ್ದರೆ ಕಾಲುವೆಯ ಬಾಯಿ ಕಟ್ಟಿದಂತಾಗಿ ಮೇಲಿನ ಹರಿವೂ ನಿಲ್ಲುತ್ತದೆ. ನಮ್ಮ ಮಟ್ಟಿಗೆ ಆ ಸ್ವೀಕರ್ತ ಆಮ್ಲಜನಕ. ನಾವು ಕ್ಷಣ ಕ್ಷಣವೂ ಗಾಳಿಗಾಗಿ ಹಂಬಲಿಸುವುದು ಅನ್ನದ ಎಲೆಕ್ಟ್ರಾನುಗಳನ್ನು ಅದರ ಕೈಗೆ ಒಪ್ಪಿಸಿ ಹಗುರಾಗುವುದಕ್ಕಾಗಿಯೇ.

ಹಾಗಾದರೆ ಗಾಳಿಯೇ ಸುಳಿಯದ ಎಡೆಯಲ್ಲಿ ಬದುಕುವ ಜೀವಿಗಳ ಪಾಡೇನು? ಕೆರೆಯ ತಳದ ಹೂಳಿನಲ್ಲಿ, ಚರಂಡಿಯ ಕೆಸರಿನಲ್ಲಿ, ಸಮುದ್ರದಡಿಯ ಕಪ್ಪು ರಾಡಿಯಲ್ಲಿ ಆಮ್ಲಜನಕವಿಲ್ಲ. ಆದರೂ ಅಲ್ಲೆಲ್ಲ ಬ್ಯಾಕ್ಟೀರಿಯಗಳು ಕಿಕ್ಕಿರಿದಿವೆ. ಅವುಗಳಲ್ಲಿ ಕೆಲವು ನೈಟ್ರೇಟಿಗೆ, ಕೆಲವು ಸಲ್ಫೇಟಿಗೆ ತಮ್ಮ ಎಲೆಕ್ಟ್ರಾನುಗಳನ್ನು ಒಪ್ಪಿಸುತ್ತವೆ. ಇವು ನೀರಿನಲ್ಲಿ ಕರಗುವ ವಸ್ತುಗಳಾದ್ದರಿಂದ ಜೀವಕೋಶದ ಒಳಗೇ ಬಂದು ಸೇರಬಲ್ಲವು. ಇನ್ನು ಕೆಲವು ಬ್ಯಾಕ್ಟೀರಿಯಗಳಿವೆ. ಅವು ಆಶ್ರಯಿಸುವುದು ಕಬ್ಬಿಣದ ಆಕ್ಸೈಡನ್ನು, ಅಂದರೆ ನಾವು ನಿತ್ಯ ಕಾಣುವ ತುಕ್ಕಿನಂಥ ಖನಿಜವನ್ನು.

ನೀರು ನಿಂತ ಬತ್ತದ ಗದ್ದೆಯ ಕೆಸರನ್ನು ಗುದ್ದಲಿಯಿಂದ ಎತ್ತಿ ನೋಡಿದವರಿಗೆ ಇದರ ಗುರುತು ಸಿಕ್ಕಿರುತ್ತದೆ. ಒಣಗಿದ್ದಾಗ ಕೆಂಪಾಗಿದ್ದ ಮಣ್ಣು ನೀರಿನಡಿಯಲ್ಲಿ ಕೆಲವು ವಾರ ಕಳೆದರೆ ಬೂದಿಯ ಬಣ್ಣಕ್ಕೆ ತಿರುಗಿರುತ್ತದೆ. ಬೇರಿನ ಸುತ್ತ ಮಾತ್ರ, ಗಿಡ ತಾನೇ ಕೆಳಗಿಳಿಸಿದ ಗಾಳಿಯ ದೆಸೆಯಿಂದ, ಕೆಂಗಂದು ಬಣ್ಣದ ಲೇಪ ಉಳಿದಿರುತ್ತದೆ. ಮಣ್ಣಿನ ಕೆಂಪು ಮಾಯವಾದುದು ಬಹುಮಟ್ಟಿಗೆ ಈ ಬ್ಯಾಕ್ಟೀರಿಯಗಳ ಕೆಲಸ. ಅವು ಒಪ್ಪಿಸಿದ ಎಲೆಕ್ಟ್ರಾನುಗಳನ್ನು ಪಡೆದ ಕಬ್ಬಿಣ ತನ್ನ ರೂಪವನ್ನು ಬದಲಿಸಿ ನೀರಿಗೆ ಇಳಿದಿರುತ್ತದೆ. ಆ ಬೂದು ಬಣ್ಣ ಉಸಿರಾಟದ ಕಲೆ.

ಆದರೆ ಇಲ್ಲೊಂದು ತೊಡಕಿದೆ. ತುಕ್ಕು ನೀರಿನಲ್ಲಿ ಕರಗುವುದಿಲ್ಲ. ಬ್ಯಾಕ್ಟೀರಿಯಕ್ಕೆ ಅದು ಬಂಡೆಗಲ್ಲಿಗೆ ಸಮಾನ. ಅದನ್ನು ಒಳಗೆ ಸೇರಿಸಿಕೊಳ್ಳುವುದು ಅಸಾಧ್ಯ. ಗಾಳಿ ಮೂಗಿನೊಳಕ್ಕೆ ಬಾರದಿದ್ದರೆ ಉಸಿರನ್ನೇ ಹೊರಗೊಯ್ದು ಗಾಳಿಗೆ ಮುಟ್ಟಿಸಿ ಬರಬೇಕಾದಂಥ ವಿಚಿತ್ರ ಪರಿಸ್ಥಿತಿ ಇದು. ಇಂಥ ಜೀವಿಗಳುಂಟೆಂಬುದು ಸ್ಪಷ್ಟವಾಗಿ ಗೊತ್ತಾದದ್ದು 1980ರ ದಶಕದ ಕೊನೆಯಲ್ಲಿ. 1987ರಲ್ಲಿ ಡೆರೆಕ್ ಲವ್ಲಿ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಿಂದ ಕಬ್ಬಿಣವನ್ನು ಹೀಗೆ ಬಳಸುವ ಬ್ಯಾಕ್ಟೀರಿಯವೊಂದನ್ನು ಬೇರ್ಪಡಿಸಿದರು. ಮುಂದೆ ಅದಕ್ಕೂ ಅದರ ಬಂಧುಗಳಿಗೂ ಜಿಯೋಬ್ಯಾಕ್ಟರ್ ಎಂಬ ಹೆಸರಾಯಿತು. 1988ರಲ್ಲಿ ಚಾರ್ಲ್ಸ್ ಮೈಯರ್ಸ್ ಮತ್ತು ಕೆನೆತ್ ನೀಲ್ಸನ್ ಎಂಬುವರು ನ್ಯೂಯಾರ್ಕ್ ರಾಜ್ಯದ ಒನೈಡ ಸರೋವರದಲ್ಲಿ ದೊರೆತ ಇನ್ನೊಂದು ಬ್ಯಾಕ್ಟೀರಿಯ ಮ್ಯಾಂಗನೀಸಿನ ಆಕ್ಸೈಡನ್ನೇ ಆಶ್ರಯಿಸಿ ಬೆಳೆಯಬಲ್ಲದೆಂದು ತೋರಿಸಿದರು. ಅದನ್ನು ಈಗ ಷೆವನೆಲ್ಲ ಎಂಬ ಕುಲಕ್ಕೆ ಸೇರಿಸಿದ್ದಾರೆ.

ಬಾಗಿಲು ಹಾಕಿಕೊಂಡ ಮನೆಯೊಳಗಿನಿಂದ ಎಲೆಕ್ಟ್ರಾನು ಹೊರಗಿನ ಕಲ್ಲನ್ನು ತಲುಪುವ ಬಗೆ ಹೇಗೆ? ಬ್ಯಾಕ್ಟೀರಿಯದ ಹೊರಪೊರೆ ಕೊಬ್ಬಿನಿಂದಾದದ್ದು. ವಿದ್ಯುತ್ತಿನ ಮಟ್ಟಿಗೆ ಅದೊಂದು ನಿರೋಧಕ. ಷೆವನೆಲ್ಲ ಈ ಪೊರೆಯಲ್ಲಿ ಮೂರು ಪ್ರೋಟೀನುಗಳನ್ನು ಸೇರಿಸಿ ಒಂದು ಹಾದಿ ಮಾಡಿಕೊಂಡಿದೆ. ಅವುಗಳಲ್ಲಿ ಒಂದು ಪೊರೆಯನ್ನು ಆರಪಾರ ಕೊರೆದ ತೂಬು. ಉಳಿದೆರಡು, ತೂಬಿನ ಒಳಗೊಂದು ಹೊರಗೊಂದಾಗಿ ಕೂತು, ತಲಾ ಹತ್ತು ಹೀಮ್‌ಗಳನ್ನು ಹೊತ್ತಿವೆ. ಹೀಮ್ ಎಂದರೆ ನಡುವೆ ಕಬ್ಬಿಣದ ಪರಮಾಣುವನ್ನು ಹಿಡಿದಿಟ್ಟ ಉಂಗುರ. ನಮ್ಮ ರಕ್ತಕ್ಕೆ ಕೆಂಪನ್ನು ಕೊಟ್ಟಿರುವುದೂ ಇದೇ ಹೀಮ್. ಹೊಳೆ ದಾಟುವವನು ಕಲ್ಲಿನಿಂದ ಕಲ್ಲಿಗೆ ಕಾಲಿಡುವಂತೆ ಎಲೆಕ್ಟ್ರಾನು ಹೀಮಿನಿಂದ ಹೀಮಿಗೆ ನೆಗೆದು ಹೊರಬರುತ್ತದೆ. ಇದಲ್ಲದೆ ಷೆವನೆಲ್ಲ ಫ್ಲೇವಿನ್ ಎಂಬ, ಬಿ2 ಜೀವಸತ್ವದ ಬಳಗದ, ವಸ್ತುಗಳನ್ನು ಸುತ್ತಣ ನೀರಿಗೆ ಬಿಡುತ್ತದೆ. ಅವು ಅಂಬಿಗನ ದೋಣಿಯಂತೆ ಎಲೆಕ್ಟ್ರಾನುಗಳನ್ನು ಹೊತ್ತು ಆಚೆ ದಡಕ್ಕೆ ಇಳಿಸಿ ಬರುತ್ತವೆಂಬುದು 2008ರಲ್ಲಿ ತಿಳಿದುಬಂತು.

ಜಿಯೋಬ್ಯಾಕ್ಟರಿನ ದಾರಿ ಬೇರೆ. ಅದಕ್ಕೆ ದೋಣಿಯ ಆಸೆಯಿಲ್ಲ. ಮುಟ್ಟಿಯೇ ಕೊಡಬೇಕೆಂಬುದು ಅದರ ಕ್ರಮ. ಅದರ ಮೈಯಿಂದ ಕೂದಲಿಗಿಂತ ಎಷ್ಟೋ ಸಾವಿರ ಪಾಲು ತೆಳುವಾದ ಎಳೆಗಳು ಹೊರಟಿರುತ್ತವೆ. ಈ ಎಳೆಗಳು ವಿದ್ಯುತ್ತನ್ನು ಹರಿಯಗೊಡುತ್ತವೆ ಎಂಬ ಸಂಗತಿ 2005ರಲ್ಲಿ ಪ್ರಕಟವಾದಾಗ ವಿಜ್ಞಾನಲೋಕ ಬೆರಗಾಯಿತು. ಅವು ಯಾವುದರಿಂದ ಆದವು ಎಂಬುದರ ಮೇಲೆ ವಿದ್ವಾಂಸರಲ್ಲಿ ಬಿರುಸಾದ ವಾದವೇ ನಡೆಯಿತು. 2019ರಲ್ಲಿ, ಹೆಪ್ಪುಗಟ್ಟಿಸಿದ ಮಾದರಿಗಳನ್ನು ಎಲೆಕ್ಟ್ರಾನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದವರಿಗೆ ಇಂಥ ಎಳೆಯೊಂದರ ಒಳರಚನೆ ಕಾಣಿಸಿತು. ಒಂದೊಂದರಲ್ಲಿಯೂ ಆರಾರು ಹೀಮ್‌ಗಳಿರುವ ಪ್ರೋಟೀನುಗಳು ಒಂದಕ್ಕೊಂದು ಜೋಡಿಕೊಂಡು ಉದ್ದಕ್ಕೂ ಸರಮಾಲೆಯಾಗಿದ್ದವು. ಹೊರಗೆ ಪ್ರೋಟೀನಿನ ಹೊದಿಕೆ, ಒಳಗೆ ಸಾಲುಗಟ್ಟಿದ ಕಬ್ಬಿಣದ ಉಂಗುರಗಳು. ತಾಮ್ರದ ತಂತಿಗೆ ಹೊದಿಕೆ ಹಾಕುವುದನ್ನು ಮನುಷ್ಯ ಕಲಿಯುವ ಎಷ್ಟೋ ಯುಗಗಳ ಮೊದಲೇ ಕೆಸರಿನ ಜೀವಿ ತನ್ನ ತಂತಿಯನ್ನು ತಾನೇ ನೇಯ್ದುಕೊಂಡಿತ್ತು.

ಇಷ್ಟು ತಿಳಿದ ಮೇಲೆ ಮುಂದಿನ ಮಾತು ಸುಲಭವಾಗುತ್ತದೆ. ತುಕ್ಕಿನ ಹರಳಿಗೆ ಬದಲಾಗಿ ಗ್ರಾಫೈಟಿನ ಫಲಕವೊಂದನ್ನು ಕೆಸರಿನಲ್ಲಿ ಹೂತರೆ ಏನಾಗುತ್ತದೆ? ಬ್ಯಾಕ್ಟೀರಿಯಕ್ಕೆ ಭೇದ ತಿಳಿಯದು. ಎಲೆಕ್ಟ್ರಾನನ್ನು ಸ್ವೀಕರಿಸುವ ಗಟ್ಟಿ ಮೈಯೊಂದು ಸಿಕ್ಕಿದರೆ ಅದಕ್ಕೆ ಸಾಕು. ಆದರೆ ತುಕ್ಕಿನ ಹರಳು ಪಡೆದ ಎಲೆಕ್ಟ್ರಾನನ್ನು ತಾನೇ ಇಟ್ಟುಕೊಂಡು ಕರಗಿಹೋಗುತ್ತದೆ. ಗ್ರಾಫೈಟು ಅದನ್ನು ಬೆನ್ನಿಗೆ ಕಟ್ಟಿದ ತಂತಿಗೆ ದಾಟಿಸುತ್ತದೆ. ಆ ತಂತಿಯ ಇನ್ನೊಂದು ತುದಿಯನ್ನು ಗಾಳಿ ಬೆರೆತ ನೀರಿನಲ್ಲಿರುವ ಎರಡನೆಯ ಫಲಕಕ್ಕೆ ಜೋಡಿಸಿದರೆ ಎಲೆಕ್ಟ್ರಾನುಗಳು ಅಲ್ಲಿಗೆ ಹರಿದು, ಆಮ್ಲಜನಕವನ್ನು ಕೂಡಿ, ಕೆಸರಿನಿಂದ ಬೇರೆ ದಾರಿಯಲ್ಲಿ ಬಂದ ಹೈಡ್ರೊಜನ್ ಅಯಾನುಗಳೊಡನೆ ಬೆರೆತು ನೀರಾಗುತ್ತವೆ. ಈ ಫಲಕಗಳಿಗೆ ವಿದ್ಯುದ್ವಾರಗಳೆಂದು ಹೆಸರು. ಹೆಸರು ಅನ್ವರ್ಥವಾಗಿದೆ; ವಿದ್ಯುತ್ತು ಹಾದುಹೋಗುವ ಬಾಗಿಲುಗಳೇ ಅವು. ಎರಡು ಬಾಗಿಲುಗಳ ನಡುವಿನ ತಂತಿಯಲ್ಲಿ ಎಲೆಕ್ಟ್ರಾನುಗಳು ಹರಿಯುವಷ್ಟು ಹೊತ್ತೂ ನಮಗೆ ವಿದ್ಯುತ್ತು. ಕೆಸರಿನ ಜೀವಿ ತಂತಿಯ ಮೂಲಕ ದೂರದ ಗಾಳಿಯನ್ನು ಉಸಿರಾಡುತ್ತಿದೆಯೆಂದು ಹೇಳಿದರೂ ತಪ್ಪಾಗದು.

ಈ ವಿದ್ಯುತ್ತನ್ನು ಮೊದಲು ಕಂಡವರಿಗೆ ಇದೆಲ್ಲ ತಿಳಿದಿರಲಿಲ್ಲ. 1911ರಲ್ಲಿ ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾನಿಲಯದಲ್ಲಿ ಸಸ್ಯವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಂ. ಸಿ. ಪಾಟರ್ ಸಕ್ಕರೆಯ ದ್ರವದಲ್ಲಿ ಯೀಸ್ಟನ್ನೂ ಬ್ಯಾಕ್ಟೀರಿಯಗಳನ್ನೂ ಬೆಳೆಸಿ, ಅದರಲ್ಲಿ ಪ್ಲಾಟಿನಮ್ಮಿನ ವಿದ್ಯುದ್ವಾರಗಳನ್ನಿಳಿಸಿ ಅಳೆದಾಗ ಅರ್ಧ ವೋಲ್ಟಿಗೆ ತುಸು ಕಡಿಮೆಯಾದ ವಿದ್ಯುದ್ಬಲ ಕಾಣಿಸಿತು. ಸಾವಯವ ವಸ್ತುಗಳು ಜೀವಿಗಳಿಂದ ಒಡೆಯುವಾಗ ವಿದ್ಯುಚ್ಛಕ್ತಿ ಹೊರಬರುತ್ತದೆಂದು ಅವರು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಇಪ್ಪತ್ತು ವರ್ಷಗಳ ಅನಂತರ, 1931ರಲ್ಲಿ, ಅಮೆರಿಕದ ಬಾರ್ನೆಟ್ ಕೋಹೆನ್ ಇಂಥ ಕೋಶಗಳನ್ನು ಸಾಲಾಗಿ ಜೋಡಿಸಿ 35 ವೋಲ್ಟುಗಳಿಗೂ ಮೇಲೇರಿದರು. ಆದರೆ ಹರಿದ ಪ್ರವಾಹ 2 ಮಿಲಿ ಆಂಪಿಯರು ಮಾತ್ರ. ಒತ್ತಡವಿತ್ತು, ಹರಿವಿರಲಿಲ್ಲ. 1980ರ ದಶಕದಲ್ಲಿ ಲಂಡನ್ನಿನ ಪೀಟರ್ ಬೆನೆಟೊ ಮತ್ತು ಅವರ ಜೊತೆಯವರು ಥಯೊನೀನ್ ಮುಂತಾದ ಬಣ್ಣಗಳನ್ನು ದ್ರವಕ್ಕೆ ಬೆರೆಸಿ ಹರಿವನ್ನು ಹೆಚ್ಚಿಸಿದರು. ಆ ಬಣ್ಣಗಳು ಕೋಶದೊಳಗೆ ಹೊಕ್ಕು ಎಲೆಕ್ಟ್ರಾನುಗಳನ್ನು ಹೊತ್ತು ತರುತ್ತಿದ್ದ ಕೂಲಿಯಾಳುಗಳು. ಆದರೆ ಹೊರಗಿನ ಬಣ್ಣವನ್ನು ಮತ್ತೆ ಮತ್ತೆ ಸುರಿಯಬೇಕಾದ ಯಂತ್ರ ಕೆರೆಗೂ ಚರಂಡಿಗೂ ಒಗ್ಗುವಂಥದಲ್ಲ.

ಬಣ್ಣದ ಹಂಗಿಲ್ಲದೆಯೂ ವಿದ್ಯುತ್ತು ಬರಬಲ್ಲದೆಂಬುದನ್ನು 1999ರಲ್ಲಿ ಕೊರಿಯದ ಬ್ಯುಂಗ್ ಹೊಂಗ್ ಕಿಮ್ ಮತ್ತು ಸಂಗಡಿಗರು ಷೆವನೆಲ್ಲದ ಮೂಲಕ ತೋರಿಸಿದರು. 2002ರಲ್ಲಿ ಲವ್ಲಿಯವರ ತಂಡ ಸಮುದ್ರದ ಕೆಸರಿನಲ್ಲಿ ವಿದ್ಯುದ್ವಾರವನ್ನು ಹೂತು ಪರೀಕ್ಷಿಸಿದಾಗ, ಅದರ ಮೈಮೇಲೆ ನೆರೆದಿದ್ದವುಗಳಲ್ಲಿ ಜಿಯೋಬ್ಯಾಕ್ಟರಿನ ಬಂಧುಗಳದೇ ಮೇಲುಗೈಯಾಗಿತ್ತು. ಯಾರೂ ಆರಿಸಿ ತಂದು ಬಿಟ್ಟಿರಲಿಲ್ಲ. ಕೆಸರಿನ ಅಸಂಖ್ಯ ಜೀವಿಗಳ ನಡುವಿನಿಂದ, ಉಸಿರಾಡಲು ಹೊಸದೊಂದು ಎಡೆ ದೊರೆತುದನ್ನು ಅರಿತು ಅವೇ ಬಂದು ಕೂಡಿದ್ದವು.

ಬಂದು ಕೂಡುವ ಪರಿಯೂ ಸೊಗಸಾದುದೇ. ಮೊದಲು ಒಂದು ಪದರ ಫಲಕಕ್ಕೆ ಅಂಟಿಕೊಳ್ಳುತ್ತದೆ. ಅದರ ಮೇಲೆ ಮತ್ತೊಂದು, ಮತ್ತೊಂದು. ಮೇಲಿನ ಪದರದವರಿಗೆ ಫಲಕ ಕೈಗೆಟುಕದು. ಅವು ತಮ್ಮ ಎಲೆಕ್ಟ್ರಾನುಗಳನ್ನು ಕೆಳಗಿನವುಗಳ ಎಳೆಗಳಿಗೆ ದಾಟಿಸುತ್ತವೆ. ಬೆಂಕಿ ಬಿದ್ದ ಮನೆಗೆ ಊರಿನವರು ಸಾಲುನಿಂತು ಕೈಯಿಂದ ಕೈಗೆ ಕೊಡ ದಾಟಿಸುವಂತೆ ಕೆಲಸ ಸಾಗುತ್ತದೆ. ಎಲ್ಲೆಡೆಯೂ ಹೀಮ್ ತುಂಬಿರುವುದರಿಂದ ಚೆನ್ನಾಗಿ ಬೆಳೆದ ಪದರ ಬರಿಗಣ್ಣಿಗೂ ನಸುಗೆಂಪಾಗಿ ಕಾಣುತ್ತದೆ. ಆದರೆ ಪದರ ಬೇಕಾದಷ್ಟು ದಪ್ಪವಾಗಲಾರದು. ಆಹಾರದಿಂದ ಎಲೆಕ್ಟ್ರಾನು ಹೊರಟಾಗಲೆಲ್ಲ ಆಮ್ಲವೂ ಹುಟ್ಟುತ್ತದೆ. ಅದು ಹೊರಹೋಗಲು ದಾರಿ ಸಾಲದಿದ್ದರೆ ಒಳಗಿನ ಪದರದವರು ತಮ್ಮ ಹುಳಿಯಲ್ಲಿ ತಾವೇ ಸೊರಗುತ್ತಾರೆ.

ಇನ್ನು ಲೆಕ್ಕದ ಮಾತು. ಒಂದು ಬ್ಯಾಕ್ಟೀರಿಯ ಕೊಡುವ ಪ್ರವಾಹ, ಒಂದು ಆಂಪಿಯರನ್ನು ಹತ್ತು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನ ಆಸುಪಾಸಿನದು. ಜೊತೆಗೆ, ಇಂಥ ಕೋಶವೊಂದರಿಂದ ಸಿದ್ಧಾಂತದ ಪ್ರಕಾರ ದೊರೆಯಬೇಕಾದುದೇ ಸುಮಾರು 1.1 ವೋಲ್ಟು, ಕೆಲಸ ನಡೆಯುವಾಗ ಕೈಗೆ ಬರುವುದು ಅದರ ಅರ್ಧದಷ್ಟು. ಟಾರ್ಚಿಗೆ ಹಾಕುವ ಸಾಮಾನ್ಯ ಸೆಲ್ಲೇ ಒಂದೂವರೆ ವೋಲ್ಟನ್ನು ಕೊಡುತ್ತದೆ.

ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ನೆನೆದು, ಕೋಶವನ್ನು ದೊಡ್ಡದು ಮಾಡಿದರಾಯಿತಲ್ಲ ಎಂದು ಯಾರಿಗಾದರೂ ತೋರಬಹುದು. ಕಷ್ಟ ಇರುವುದೇ ಅಲ್ಲಿ. ಫಲಕವನ್ನು ಹಿಗ್ಗಿಸಿದಷ್ಟೂ ಅದರೊಳಗಿನ ಮತ್ತು ನೀರಿನೊಳಗಿನ ತಡೆ ಹೆಚ್ಚುತ್ತದೆ. ನೂರುಪಟ್ಟು ದೊಡ್ಡ ಕೋಶ ನೂರುಪಟ್ಟು ವಿದ್ಯುತ್ತನ್ನು ಕೊಡುವುದಿಲ್ಲ. ಚಿಕ್ಕ ಕೋಶಗಳನ್ನೇ ಸಾಲಾಗಿ ಜೋಡಿಸಿದರೆ ಇನ್ನೊಂದು ಪೇಚು. ಸಾಲಿನಲ್ಲಿ ಒಂದು ಕೋಶದ ಜೀವಿಗಳಿಗೆ ಆಹಾರ ಕಡಿಮೆಯಾದರೂ ಸಾಕು, ಉಳಿದವು ಅದರ ಮೂಲಕ ಪ್ರವಾಹವನ್ನು ಬಲವಂತವಾಗಿ ನೂಕುತ್ತವೆ. ಅದರ ಧನ ಋಣಗಳು ಅದಲುಬದಲಾಗಿ ಕೋಶ ಕೆಡುತ್ತದೆ. ಸತುವಿನ ಸೆಲ್ಲುಗಳು ಎಲ್ಲವೂ ಒಂದೇ ಅಚ್ಚಿನವು. ಜೀವಿಗಳ ಗುಂಪುಗಳು ಹಾಗಲ್ಲ. ಒಂದರ ಹಸಿವು ಇನ್ನೊಂದಕ್ಕಿಲ್ಲ. ಬೀದಿಬೀದಿಗೆ ಬೆಳಕು ಕೊಡುವ ಬ್ಯಾಕ್ಟೀರಿಯಗಳ ವಿದ್ಯುದಾಗಾರ ಇಂದಿಗೂ ಎದ್ದುನಿಂತಿಲ್ಲವೆಂದರೆ ಅದಕ್ಕೆ ಇದೂ ಒಂದು ಕಾರಣ.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಆಹಾರದಿಂದ ಆಮ್ಲಜನಕದವರೆಗೆ ಎಲೆಕ್ಟ್ರಾನು ಇಳಿಯುವ ಒಟ್ಟು ಎತ್ತರ ಒಂದೇ. ಆ ಇಳಿಜಾರಿನಲ್ಲಿ ಮೊದಲ ಕೆಲವು ಮೆಟ್ಟಿಲುಗಳು ಬ್ಯಾಕ್ಟೀರಿಯದ ಪಾಲು, ಉಳಿದವು ತಂತಿಯ ಪಾಲು. ಅದು ಹೆಚ್ಚು ಉಳಿಸಿಕೊಂಡರೆ ನಮಗೆ ಕಡಿಮೆ. ನಮಗೆ ಹೆಚ್ಚು ಬೇಕೆಂದರೆ ಅದರ ಹೊಟ್ಟೆಗೆ ಕಡಿಮೆ. ಜಿಯೋಬ್ಯಾಕ್ಟರ್ ಈ ವಿಷಯದಲ್ಲಿ ಅಲ್ಪತೃಪ್ತ. ಅಸಿಟೇಟನ್ನು, ಅಂದರೆ ವಿನೆಗರಿನ ಹುಳಿಯ ಲವಣವನ್ನು, ಅದಕ್ಕೆ ಉಣಿಸಿದರೆ ಒಂದೊಂದು ಅಣುವಿನಿಂದ 8 ಎಲೆಕ್ಟ್ರಾನುಗಳು ಹೊರಡುತ್ತವೆ. ಹಾಗೆ ಹೊರಟ ಎಲೆಕ್ಟ್ರಾನುಗಳಲ್ಲಿ ನೂರಕ್ಕೆ 90ಕ್ಕೂ ಮಿಕ್ಕಿ ವಿದ್ಯುದ್ವಾರವನ್ನು ಸೇರಿದ್ದುಂಟು. ಶಕ್ತಿಯ ಇಳಿಜಾರಿನಲ್ಲಿಯೂ ಅದು ತನಗೆಂದು ಉಳಿಸಿಕೊಳ್ಳುವುದು ಕಿರಿದಾದ ಒಂದು ಭಾಗವನ್ನೇ. ಇದು ದಾನಶೂರತೆಯಲ್ಲ. ತುಕ್ಕನ್ನೇ ನಂಬಿ ಬದುಕಿದ ಕುಲಕ್ಕೆ ಬಡತನದಲ್ಲಿ ಬಾಳುವ ಕಲೆ ಮೈಗೂಡಿದೆ, ಅಷ್ಟೆ. ಆದರೆ ನಮ್ಮ ಪಾಲಿಗೆ ಅದರ ಬಡತನವೇ ಲಾಭ.

ಇಷ್ಟು ಕಿರಿದಾದ ಪ್ರವಾಹದಿಂದ ಪ್ರಯೋಜನವೇನು ಎಂದು ಕೇಳುವುದು ನ್ಯಾಯವೇ. 2008ರಲ್ಲಿ ಲಿಯೊನಾರ್ಡ್ ಟೆಂಡರ್ ಮತ್ತು ಸಹೋದ್ಯೋಗಿಗಳು, ನೀರಿನ ಮೇಲೆ ತೇಲುತ್ತ ಹವೆಯ ವರದಿಯನ್ನು ಕಳಿಸುವ ಉಪಕರಣವೊಂದನ್ನು ತಳದ ಕೆಸರಿನ ವಿದ್ಯುತ್ತಿನಿಂದಲೇ ನಡೆಸಿದುದನ್ನು ಪ್ರಕಟಿಸಿದರು. ಅದು ನಡೆದದ್ದು, ಲವ್ಲಿಯವರ ಬ್ಯಾಕ್ಟೀರಿಯ ದೊರೆತ ಪೊಟೊಮ್ಯಾಕ್ ನದಿಯಲ್ಲಿಯೇ. ಆ ಉಪಕರಣಕ್ಕೆ ಬೇಕಾದುದು ಸರಾಸರಿ 18 ಮಿಲಿವಾಟು. ಮನೆಯ 9 ವಾಟಿನ ಎಲ್.ಇ.ಡಿ. ದೀಪವೊಂದನ್ನು ಉರಿಸಲು ಅಂಥ 500 ಉಪಕರಣಗಳ ವಿದ್ಯುತ್ತನ್ನು ಒಟ್ಟುಗೂಡಿಸಬೇಕು. ಆದರೆ ಮನೆಯ ದೀಪಕ್ಕೆ ಬೇರೆ ದಾರಿಗಳಿವೆ. ಸೆಲ್ಲು ಬದಲಿಸಲು ಯಾರೂ ಹೋಗಲಾಗದ ನೀರಿನ ನಡುವೆ, ಸುತ್ತಲಿನ ಕೆಸರನ್ನೇ ಉಂಡು ಬಹುಕಾಲ ದುಡಿಯುವ ಆಳು ಸಿಕ್ಕುವುದು ಸಣ್ಣ ಸಂಗತಿಯಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಯೊನಿಸ್ ಇಯೆರೊಪೂಲಸ್ ಅವರ ತಂಡ ಮೂತ್ರವನ್ನೇ ಆಹಾರವಾಗಿ ಉಣಿಸುವ ಕೋಶಗಳನ್ನು ರಚಿಸಿತು. 2015ರಲ್ಲಿ, ಆಕ್ಸ್‌ಫ್ಯಾಮ್ ಸಂಸ್ಥೆಯ ಜೊತೆಗೂಡಿ, ತನ್ನೊಳಗಿನ ದೀಪವನ್ನು ಈ ಕೋಶಗಳಿಂದಲೇ ಉರಿಸಿಕೊಳ್ಳುವ ಶೌಚಗೃಹವೊಂದನ್ನು ಅಲ್ಲಿನ ವಿಶ್ವವಿದ್ಯಾನಿಲಯದ ಆವರಣದಲ್ಲಿ ನಿಲ್ಲಿಸಿದರು. ನಿರಾಶ್ರಿತರ ಶಿಬಿರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಕೆಲಸ ಅದು. ಅಂಥ ಶಿಬಿರಗಳಲ್ಲಿ ಕತ್ತಲಾದ ಮೇಲೆ ಶೌಚಕ್ಕೆ ಹೋಗಬೇಕಾದ ಹೆಂಗಸರಿಗೂ ಮಕ್ಕಳಿಗೂ ಒಂದು ಮಂಕು ದೀಪ ಎಂದರೆ ಏನು ಎಂಬುದನ್ನು ವಾಟುಗಳಲ್ಲಿ ಅಳೆಯಲಾಗದು.

ಇದಕ್ಕಿಂತ ದೊಡ್ಡ ಆಸೆಯಿರುವುದು ಕೊಳಚೆ ನೀರಿನ ವಿಷಯದಲ್ಲಿ. ನಗರದ ಕೊಳಚೆಯನ್ನು ಶುದ್ಧಿಮಾಡುವ ಸಾಮಾನ್ಯ ಸ್ಥಾವರದಲ್ಲಿ ಬ್ಯಾಕ್ಟೀರಿಯಗಳಿಗೆ ಆಮ್ಲಜನಕ ಒದಗಿಸಲೆಂದು ಹಗಲಿರುಳೂ ಗಾಳಿಯನ್ನು ಊದುತ್ತಾರೆ. ಸ್ಥಾವರ ಬಳಸುವ ವಿದ್ಯುತ್ತಿನಲ್ಲಿ ಸುಮಾರು ಅರ್ಧದಷ್ಟು, ಹಲವೆಡೆ ಅದಕ್ಕೂ ಮಿಕ್ಕಿ, ಇದೊಂದಕ್ಕೇ ತಗಲುತ್ತದೆ. ಗಾಳಿಯುಂಡು ಕೊಬ್ಬಿದ ಬ್ಯಾಕ್ಟೀರಿಯಗಳು ರಾಶಿ ರಾಶಿ ಗಸಿಯಾಗಿ ತಳಕ್ಕೆ ಕೂರುತ್ತವೆ. ಅದನ್ನು ಸಾಗಿಸುವುದೇ ಮತ್ತೊಂದು ತಲೆನೋವು. ಗಾಳಿಯ ಬದಲು ವಿದ್ಯುದ್ವಾರವನ್ನು ಒದಗಿಸಿದರೆ ಊದುವ ಖರ್ಚು ಉಳಿಯುತ್ತದೆ. ಅಲ್ಪತೃಪ್ತ ಜೀವಿಗಳು ಹೆಚ್ಚು ಬೆಳೆಯವಾದ್ದರಿಂದ ಗಸಿಯೂ ಕಡಿಮೆ. ಹೊಮ್ಮುವ ವಿದ್ಯುತ್ತು ಮೇಲಿನ ಲಾಭ. ಅಮೆರಿಕದ ಬ್ರೂಸ್ ಲೋಗನ್ ಮತ್ತು ಅವರ ಸಂಗಡಿಗರು 2004ರಲ್ಲಿಯೇ ಪ್ರಯೋಗಶಾಲೆಯಲ್ಲಿ ಕೊಳಚೆ ನೀರಿನಿಂದ ವಿದ್ಯುತ್ತನ್ನು ಪಡೆಯುತ್ತಲೇ ನೀರನ್ನು ತಿಳಿಗೊಳಿಸಬಹುದೆಂದು ತೋರಿಸಿದ್ದರು. ಪ್ರಯೋಗಶಾಲೆಯ ಬಾಟಲಿಯಿಂದ ಊರಿನ ಮೋರಿಯವರೆಗಿನ ದಾರಿ ದೂರದ್ದು. ಹನಿಗೂಡಿ ಹಳ್ಳವಾಗದ ಕಷ್ಟ ಅಲ್ಲಿ ಅಡ್ಡ ನಿಂತಿದೆ. ಆದರೂ ಇಲ್ಲಿ ಕೇಳಬೇಕಾದ ಪ್ರಶ್ನೆ ಎಷ್ಟು ವಿದ್ಯುತ್ತು ಬಂತೆಂಬುದಲ್ಲ, ಎಷ್ಟು ಕೊಳೆ ಕಡಿಮೆ ಖರ್ಚಿನಲ್ಲಿ ಕಳೆಯಿತೆಂಬುದು.

ಗೋಬರ್ ಗ್ಯಾಸಿನ ತೊಟ್ಟಿಯನ್ನು ಬಲ್ಲವರಿಗೆ ಇನ್ನೊಂದು ಮಾತನ್ನು ಹೇಳಬೇಕು. ಅಂಥ ತೊಟ್ಟಿಯಲ್ಲಿ ಕೊಳೆಯುವ ವಸ್ತುವನ್ನು ಒಂದು ಬಗೆಯ ಜೀವಿಗಳು ಒಡೆಯುತ್ತವೆ, ಇನ್ನೊಂದು ಬಗೆಯವು ಮೀಥೇನ್ ಅನಿಲವನ್ನು ಮಾಡುತ್ತವೆ. ಇವೆರಡರ ನಡುವಿನ ಕೊಡುಕೊಳೆ ಹೈಡ್ರೊಜನ್ ಮುಂತಾದ ವಸ್ತುಗಳ ಮೂಲಕ ನಡೆಯುತ್ತದೆಂದೇ ಬಹುಕಾಲ ತಿಳಿದಿದ್ದರು. 2014ರಲ್ಲಿ, ಜಿಯೋಬ್ಯಾಕ್ಟರ್ ತನ್ನ ಎಲೆಕ್ಟ್ರಾನುಗಳನ್ನು ಮೀಥೇನ್ ಮಾಡುವ ಜೀವಿಗೆ ನೇರವಾಗಿಯೇ ದಾಟಿಸಬಲ್ಲದೆಂದು ಕಂಡುಬಂತು. ಮನುಷ್ಯನ ಫಲಕವೂ ಇಲ್ಲ, ತಂತಿಯೂ ಇಲ್ಲ. ಜೀವಿಯಿಂದ ಜೀವಿಗೆ ವಿದ್ಯುತ್ತು ಹರಿಯುತ್ತಿದೆ. ನಾವು ವಿದ್ಯುದ್ವಾರವನ್ನಿಳಿಸಿ ಹೊಸದೇನನ್ನೂ ಸೃಷ್ಟಿಸಲಿಲ್ಲ. ಮೊದಲೇ ನಡೆದಿದ್ದ ಸಂತೆಯಲ್ಲಿ ನಮ್ಮದೊಂದು ಅಂಗಡಿಯನ್ನು ಹೂಡಿದೆವು.

ಆ ಸಂತೆ ತೀರ ಹಳೆಯದು. ಭೂಮಿಯ ಗಾಳಿಯಲ್ಲಿ ಆಮ್ಲಜನಕ ಕೂಡತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಬದುಕು ಅದಕ್ಕೂ ಎಷ್ಟೋ ಹಿಂದಿನದು. ಕಬ್ಬಿಣವನ್ನು ಉಸಿರಾಡುವ ಕ್ರಮ ಅತಿ ಪುರಾತನ ಕ್ರಮಗಳಲ್ಲಿ ಒಂದಿರಬೇಕೆಂದು ಹಲವು ವಿದ್ವಾಂಸರ ಊಹೆ. ಗಾಳಿಯನ್ನು ನೆಚ್ಚಿದ ನಾವು ತಡವಾಗಿ ಬಂದವರು. ಬಂದು, ಉಸಿರೆಂದರೆ ಗಾಳಿಯೇ ಎಂದು ತೀರ್ಮಾನಿಸಿದವರು. ಕೆಸರು ಎಂದರೆ ಹೊಲಸು, ಕೊಳೆತದ್ದೆಂದರೆ ಮುಗಿದುಹೋದದ್ದು ಎಂಬುದೂ ನಮ್ಮದೇ ತೀರ್ಮಾನ. ಕೊಳೆಯುವಿಕೆ ಎಂದರೆ ಒಂದು ಜೀವದ ಮುಗಿವು ನಿಜ. ಅದರ ಎಲೆಕ್ಟ್ರಾನುಗಳ ಇಳಿದಾರಿ ಅಲ್ಲಿಂದಲೂ ಮುಂದುವರಿದಿರುತ್ತದೆ. ಮುಂದೆ ಈ ವಿದ್ಯೆ ನಮ್ಮ ಊರುಗಳ ಮೋರಿಗಳನ್ನು ಎಷ್ಟರಮಟ್ಟಿಗೆ ಶುದ್ಧಿ ಮಾಡೀತೆಂಬುದು ಕಾಲಕ್ಕೆ ಬಿಟ್ಟ ವಿಷಯ. ಆದರೆ ಮೂಗು ಮುಚ್ಚಿಕೊಂಡು ದಾಟಿಹೋಗುವ ಮೋರಿಯ ತಳದಲ್ಲಿ, ನಮ್ಮ ರಕ್ತದಲ್ಲಿರುವಂಥದೇ ಕಬ್ಬಿಣದ ಉಂಗುರಗಳನ್ನು ಧರಿಸಿ, ನಮ್ಮಂತೆಯೇ ತನ್ನ ಭಾರವನ್ನು ಯಾರಿಗಾದರೂ ಒಪ್ಪಿಸಿ ಹಗುರಾಗಲು ತವಕಿಸುವ ಜೀವವೊಂದಿದೆಯೆಂಬ ಅರಿವು ಈಗಲೇ ನಮ್ಮದಾಗಬಹುದು.